ನೀರಿನಲ್ಲಿ ಕಡಿಯದೆ ಬಂದ ಅಂಕಿ

ಗುರುವಾರ, ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತೆರಡು ನಿಮಿಷ. ಈ ಸಮಯವನ್ನು ನಾನು ನೆನಪಿನಿಂದ ಹೇಳುತ್ತಿಲ್ಲ, ಫೋನಿನಲ್ಲಿ ದಾಖಲಾಗಿದೆ. ಆಗ ಪರದೆಯ ಮೇಲೆ ತೊಂಬತ್ತೇಳು ಎಂದಿತ್ತು. ಅದಕ್ಕೆ ಮೊದಲು ತೊಂಬತ್ತಾರು, ಅದಕ್ಕೂ ಮೊದಲು ತೊಂಬತ್ತೆಂಟು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡ ಐವತ್ತೇಳು ವರ್ಷದ ಹೆಂಗಸು ನೀರಿನಲ್ಲಿ ನಡೆಯುತ್ತಿರುವಾಗ ಎದೆಬಡಿತ ಇಷ್ಟು ಸಮಾಧಾನದಿಂದ ಇದ್ದರೆ ಇನ್ನೇನು ಬೇಕು? ನಾನು ಫೋನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು, ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳಿಗೆ ನೀರೊಳಗೆ ಉಸಿರು ಬಿಡುವುದನ್ನು ಕಲಿಸಲು ತಿರುಗಿದೆ. ಎಲ್ಲ ಕೆಡಲು ಶುರುವಾದದ್ದು ಆಗ.

ಈ ಕೆಲಸಕ್ಕೆ ಈಗ ಬರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದೈಹಿಕ ಶಿಕ್ಷಣದ ಪದವಿ ಪಡೆದು ನಾನು ಮೊದಲು ಶಹಾಪುರದಲ್ಲಿ, ಆಮೇಲೆ ಸುರಪುರದಲ್ಲಿ ಶಾಲಾ ಶಿಕ್ಷಕಿಯಾಗಿದ್ದೆ. ಕೊನೆಯ ಒಂಬತ್ತು ವರ್ಷ ಯಾದಗಿರಿಯ ಹೊರವಲಯದಲ್ಲಿ ಒಂದು ಶಾಲೆಯವರು ಕಟ್ಟಿಸಿದ ಈಜುಕೊಳದಲ್ಲಿ ತರಬೇತಿ ಕೊಟ್ಟೆ. ಬೆಳಗ್ಗೆ ಮಕ್ಕಳು, ಹನ್ನೊಂದರಿಂದ ಹನ್ನೆರಡರವರೆಗೆ ಹೆಂಗಸರು. ಹೆಂಗಸರ ಹೊತ್ತಿನಲ್ಲಿ ಗೇಟಿಗೆ ಒಳಗಿನಿಂದ ಚಿಲಕ ಹಾಕಿ, ಕಾಂಪೌಂಡಿನ ಕಿಂಡಿಗೆ ಪರದೆ ಎಳೆಯುತ್ತಿದ್ದೆವು.

ನಾನು ಕಲಿತ ಕಾಲದಲ್ಲಿ ಎದೆಬಡಿತ ನೋಡುವುದೆಂದರೆ ಈಜಿ ಬಂದವರ ಕುತ್ತಿಗೆಯ ಮಗ್ಗುಲಲ್ಲಿ ಎರಡು ಬೆರಳಿಟ್ಟು ಹತ್ತು ಸೆಕೆಂಡು ಎಣಿಸಿ ಆರರಿಂದ ಗುಣಿಸುವುದು. ಆಮೇಲೆ ಕೈಗಡಿಯಾರ ಬಂತು. ಅದರಿಂದಲೇ ನನ್ನ ಮೊದಲ ದೊಡ್ಡ ತಪ್ಪಾಯಿತು. ಕಕ್ಕೇರಾ ಕಡೆಯ ರೇಣುಕಾ ಎಂಬ ಹಾಸ್ಟೆಲ್ ಹುಡುಗಿ, ಮೀನಿನಂತೆ ಈಜುವವಳು. ಆಯ್ಕೆ ಸ್ಪರ್ಧೆಯ ದಿನ ಅವಳ ತೆಳ್ಳನೆಯ ಮಣಿಕಟ್ಟಿಗೆ ಗಡಿಯಾರ ಕಟ್ಟಿದ್ದೆ. ಅರ್ಧ ದಾರಿಯಲ್ಲಿ ಅದು ನೂರಾ ತೊಂಬತ್ತಾರು ತೋರಿಸಿತು. ನಾನು ಸೀಟಿ ಊದಿ ಅವಳನ್ನು ಹೊರಗೆಳೆದೆ. ಕುತ್ತಿಗೆ ಮುಟ್ಟಿ ಎಣಿಸಿದರೆ ನೂರಾ ನಲವತ್ತೂ ಇಲ್ಲ. ಸಡಿಲವಾಗಿದ್ದ ಗಡಿಯಾರದ ಒಳಗೆ ನೀರು ಸರಿದಾಡಿ, ಅದು ಬಡಿತವನ್ನು ಬಿಟ್ಟು ಅವಳ ಕೈಬೀಸನ್ನೇ ಎಣಿಸಿತ್ತು.

"ನನಗ ಏನೂ ಆಗಿದ್ದಿಲ್ರಿ ಮೇಡಂ," ಎಂದಳು ರೇಣುಕಾ, ಟವೆಲ್ಲಿನೊಳಗೆ ನಡುಗುತ್ತ. "ನಿಮ್ಮ ಗಡಿಯಾರಕ್ಕೇ ದಮ್ಮು ಹತ್ತಿತ್ತು."

ಆ ವರ್ಷ ಅವಳ ಆಯ್ಕೆ ತಪ್ಪಿತು. ಯಂತ್ರ ಸುಳ್ಳೇ ಹೆದರಿಸಬಹುದು ಎಂಬುದನ್ನು ನಾನು ಅಂದು ಕಲಿತೆ. ಸುಳ್ಳೇ ಸಮಾಧಾನವನ್ನೂ ಹೇಳಬಹುದು ಎಂಬುದು ತಲೆಗೆ ಹೊಳೆಯಲಿಲ್ಲ.

ನಂತರ ಬಂದದ್ದು ಎದೆಪಟ್ಟಿ. ಎದೆಯ ಕೆಳಗೆ ಸುತ್ತಿ ಬಿಗಿಯುವ ರಬ್ಬರ್ ಪಟ್ಟಿ, ನಡುವೆ ಬಿಲ್ಲೆಯಂಥ ಒಂದು ಯಂತ್ರ. ಕಟ್ಟುವ ಮೊದಲು ಅದನ್ನು ಒದ್ದೆ ಮಾಡಬೇಕು. ನಮ್ಮ ಕೊಳದ ಕಾರ್ಯದರ್ಶಿಗಳು ಒಮ್ಮೆ ಒಣ ಪಟ್ಟಿಯನ್ನೇ ತಾವು ಕಟ್ಟಿಕೊಂಡು ಫೋನು ನೋಡಿದರು. ಅಂಕಿಯ ಜಾಗದಲ್ಲಿ ಎರಡು ಅಡ್ಡಗೆರೆ. "ಅಲ್ರೀ ಮೇಡಂ, ನಾ ಜೀವಂತ ಅದೀನಿಲ್ಲೋ?" ಎಂದು ಅವರು ಗಾಬರಿಯಿಂದ ಕೇಳಿದ್ದಕ್ಕೆ ನಾವು ವಾರಗಟ್ಟಲೆ ನಕ್ಕೆವು.

ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ. ಪಟ್ಟಿ ಕಳಿಸುವ ಸುದ್ದಿ ನೀರನ್ನು ದಾಟುವುದಿಲ್ಲ. ಎದೆ ನೀರೊಳಗೆ ಹೋದ ಕೂಡಲೇ ಫೋನಿನಲ್ಲಿ ಅಂಕಿ ಕಡಿಯುತ್ತದೆ, ಎದೆ ಮೇಲೆ ಬಂದಾಗ ಮತ್ತೆ ಮೂಡುತ್ತದೆ. ಅದಕ್ಕೇ ನಾನು ಒಂದು ನಿಯಮ ಮಾಡಿದ್ದೆ. ಒಂದು ಸುತ್ತು ನಡೆದ ಮೇಲೆ ಮೆಟ್ಟಿಲ ಹತ್ತಿರ ಬಂದು, ಎರಡು ಮೆಟ್ಟಿಲು ಹತ್ತಿ, ಎದೆ ಹೊರಗಿಟ್ಟು ನಿಲ್ಲಬೇಕು. ನಾನು ಅಂಕಿ ಬರೆದುಕೊಂಡ ಮೇಲೆ ಮತ್ತೆ ಇಳಿಯಬೇಕು. ಇನ್ನೊಂದು ಮಾತು: ನೀರಿನಲ್ಲಿ ಬಡಿತ ನೆಲದ ಮೇಲಿಗಿಂತ ಕಡಿಮೆಯೇ ಇರುತ್ತದೆ. ಹೃದಯದ ಮಾತ್ರೆ ನುಂಗುವವರಲ್ಲಿ ಇನ್ನೂ ಕಡಿಮೆ. ಆದ್ದರಿಂದ ಕಡಿಮೆ ಅಂಕಿ ಕಂಡ ಮಾತ್ರಕ್ಕೆ ಅವರಿಗೆ ದಣಿವಾಗಿಲ್ಲ ಎಂದು ತಿಳಿಯಬೇಡಿ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಗುರುವಾರ ಆಯಿತು.

ಮಹಬೂಬಿ ಯಾದಗಿರಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಗಂಡ ತೀರಿಹೋಗಿದ್ದ. ಮಗ ಸಲೀಂನದು ಫ್ಯಾನು, ಮಿಕ್ಸರ್ ಮಾರುವ ಅಂಗಡಿ. ಸ್ಟೆಂಟ್ ಹಾಕಿದ ವೈದ್ಯರು ಆರು ತಿಂಗಳ ನಂತರ ಚೀಟಿ ಬರೆದುಕೊಟ್ಟಿದ್ದರು: ಎದೆಮಟ್ಟದ ನೀರಿನಲ್ಲಿ ನಡೆಯಬಹುದು, ಈಜಕೂಡದು, ಬಡಿತ ನೂರಾ ಹತ್ತು ದಾಟಕೂಡದು. ಆದರೆ ಮಹಬೂಬಿಗೆ ಈಜು ಬರುತ್ತಿತ್ತು. ತವರು ಸುರಪುರ. ಹತ್ತು ವರ್ಷದವರೆಗೆ ಅಣ್ಣಂದಿರ ಜೊತೆ ತೋಟದ ಬಾವಿಗೆ ಹಾರಿದವಳು. ಆಮೇಲೆ ದೊಡ್ಡವಳಾದಳೆಂದು ಅಪ್ಪ ನಿಲ್ಲಿಸಿದ್ದರು. ನಲವತ್ತೇಳು ವರ್ಷದ ಮೇಲೆ ಮತ್ತೆ ನೀರು ಸಿಕ್ಕಿತ್ತು.

"ಮಷಿನ್ ಮುಂದ ಕುಂತು ಕುಂತು ಸೊಂಟ ಕಬ್ಬಿಣ ಆಗ್ಯಾದ್ರಿ ಮೇಡಂ," ಎನ್ನುತ್ತಿದ್ದಳು. "ನೀರಾಗ ಇಳಿದ್ರ ಸೊಂಟ ಒಂದು ಅದ ಅನ್ನೋದೇ ಮರ್ತು ಹೋಗ್ತದ."

ಅವಳ ಗೆಳತಿ ಬಳಿಚಕ್ರದ ನಿಂಗಮ್ಮ, ಅಂಗನವಾಡಿ ಕಾರ್ಯಕರ್ತೆಯಾಗಿ ನಿವೃತ್ತಳಾಗಿ ಯಾದಗಿರಿಯಲ್ಲೇ ನೆಲೆಸಿದವಳು. ಇಪ್ಪತ್ತು ವರ್ಷದಿಂದ ಅವಳ ಕುಪ್ಪಸ ಹೊಲಿಯುತ್ತಿದ್ದದ್ದು ಮಹಬೂಬಿಯೇ. ಮೊಣಕಾಲು ನೋವಿನ ನಿಂಗಮ್ಮನಿಗೆ ನೀರೆಂದರೆ ಭಯ. ಸೊಂಟದವರೆಗೆ ನೀರಿರುವ ಮೆಟ್ಟಿಲ ಮೇಲೆ ಕೂತು ಕಾಲಾಡಿಸುವುದಷ್ಟೇ ಅವಳ ವ್ಯಾಯಾಮ.

"ನೀರಿಗಂತ ಬಂದು ಮೆಟ್ಟಲ ಮ್ಯಾಲ ಕೂಡ್ತೀಯಲ್ಲ ನಿಂಗಮ್ಮ, ಮನ್ಯಾಗ ಬಕೀಟ್ ಇಲ್ಲೇನು?"

"ಬಕೀಟಿನ್ಯಾಗ ನಿನ್ನಂಥಾ ಎಮ್ಮಿ ನೋಡಾಕ ಸಿಗಂಗಿಲ್ಲವ್ವ."

ಹೆಂಗಸರೆಲ್ಲ ನಗುತ್ತಿದ್ದರು. ನನ್ನ ಕೆಲಸದ ಅತಿ ಸುಖದ ಗಂಟೆ ಅದಾಗಿತ್ತು.

ಪ್ರತಿ ತರಗತಿಯ ನಂತರ ಮಹಬೂಬಿಯ ಅಂಕಿಗಳನ್ನು ನಾನು ಸಲೀಂಗೆ ಕಳಿಸಬೇಕಿತ್ತು. ಆ ಗುರುವಾರದ ಹಿಂದಿನ ವಾರ ಎರಡು ಸಲ ಅಂಕಿ ನೂರಾ ಹದಿನೈದು ಮುಟ್ಟಿತ್ತು. ನಾನು ಬೆನ್ನು ತಿರುಗಿಸಿದಾಗ ಅವಳು ನಾಲ್ಕು ಕೈ ಈಜಿದ್ದಳು. ಸಲೀಂ ಕೊಳಕ್ಕೇ ಬಂದ. ಸಿಟ್ಟಿನ ಹುಡುಗನಲ್ಲ, ಹೆದರಿದವನು.

"ಆಪರೇಷನ್ ಬಾಗಿಲ ಹೊರಗ ನಾ ಕುಂತಿದ್ದೆ ಮೇಡಂ, ನೀವು ಕುಂತಿದ್ದಿಲ್ಲ. ಇನ್ನೊಂದ್ ಸಲ ನೂರಾ ಹತ್ತು ದಾಟಿದ್ರ ಅಮ್ಮಿನ್ನ ಕಳಸಂಗಿಲ್ರಿ. ಬಂದ್ ಅಂದ್ರ ಬಂದ್."

ಅವನೇ ಹೊಸ ಎದೆಪಟ್ಟಿಯನ್ನೂ ತಂದುಕೊಟ್ಟ, ಹಳೆಯದು ಸಡಿಲವಾಗಿದೆ ಎಂದು. ಮಹಬೂಬಿ ತಲೆ ತಗ್ಗಿಸಿ ನಿಂತಿದ್ದಳು. ಅವಳ ತಲೆಯಲ್ಲಿ ಏನು ಓಡುತ್ತಿತ್ತು ಎಂದು ಆಗ ನನಗೆ ತಿಳಿಯಲಿಲ್ಲ.

ಗುರುವಾರ ಬಟ್ಟೆ ಬದಲಿಸುವ ಕೋಣೆಯಲ್ಲಿ ಇಬ್ಬರೂ ಮಾತಾಡಿಕೊಂಡು ಪಟ್ಟಿಯನ್ನು ನಿಂಗಮ್ಮನ ಎದೆಗೆ ಕಟ್ಟಿದ್ದರು. ನಮ್ಮ ಹೆಂಗಸರು ನೀರಿಗಿಳಿಯುವುದು ಕುತ್ತಿಗೆಯಿಂದ ಪಾದದವರೆಗೆ ಮುಚ್ಚುವ ಉಡುಪಿನಲ್ಲಿ. ಪಟ್ಟಿ ಯಾರ ಎದೆಯ ಮೇಲಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಬಿಚ್ಚಿ ನೋಡುವುದು ಮರ್ಯಾದೆಯಲ್ಲ ಎಂದು ನಾನೂ ಎಂದೂ ನೋಡಿದವಳಲ್ಲ.

ನಿಂಗಮ್ಮ ಮೆಟ್ಟಿಲ ಮೇಲೆ ಎದೆ ಹೊರಗಿಟ್ಟು ಕೂತಳು. ಅಂಕಿ ನಿರಾಯಾಸವಾಗಿ ಬರತೊಡಗಿತು. ತೊಂಬತ್ತೆಂಟು, ತೊಂಬತ್ತಾರು, ತೊಂಬತ್ತೇಳು. ಒಮ್ಮೆಯೂ ಕಡಿಯಲಿಲ್ಲ. ಮಹಬೂಬಿ ಎದೆ ಮುಳುಗುವಷ್ಟು ನೀರಿನಲ್ಲಿ ನಡೆಯುತ್ತಿದ್ದಾಳೆ, ಅಂಕಿ ಕಡಿಯುತ್ತಿಲ್ಲ. ಆ ಕ್ಷಣವೇ ನನಗೆ ಅನುಮಾನ ಬರಬೇಕಿತ್ತು. ನಾನು ಖುಷಿಪಟ್ಟೆ. ಹೊಸ ಪಟ್ಟಿ ಎಷ್ಟು ಚೆನ್ನಾಗಿದೆ, ಸಲೀಂ ಒಳ್ಳೆಯ ಕಂಪನಿಯದನ್ನೇ ತಂದಿದ್ದಾನೆ ಎಂದುಕೊಂಡೆ.

ಹೊಸ ಹುಡುಗಿ ಅಂಚು ಹಿಡಿದು ಮುಖವನ್ನು ನೀರಿಗೆ ಅದ್ದಿದಳು. ನಾನು ಜೋರಾಗಿ ಎಣಿಸುತ್ತಿದ್ದೆ, ಹತ್ತರ ತನಕ ಉಸಿರು ಬಿಡಬೇಕು. ಮೂರು, ನಾಲ್ಕು, ಐದು. ಕಣ್ಣೆತ್ತಿದಾಗ ಕೊಳದ ಆಳದ ತುದಿಯಲ್ಲಿ ಮಹಬೂಬಿ ಕಂಡಳು. ಒಂದು ಕೈ ಅಂಚಿನ ಮೇಲೆ. ತಲೆ ಹಿಂದಕ್ಕೆ ವಾಲಿ ಮುಖ ಆಕಾಶಕ್ಕೆ. ಬಾಯಿ ತೆರೆದಿತ್ತು, ನೀರು ಗಲ್ಲದ ಮೇಲಕ್ಕೆ ಬಂದಿತ್ತು. ಕೂಗಲಿಲ್ಲ, ಕೈ ಬಡಿಯಲಿಲ್ಲ. ಮುಳುಗುವವರು ಕೂಗುವುದಿಲ್ಲ ಎಂದು ಎಷ್ಟು ತಂಡಗಳಿಗೆ ಪಾಠ ಹೇಳಿದ್ದೇನೆ!

ಅವಳು ಅಲ್ಲಿಗೆ ಹೇಗೆ ಹೋದಳು ಎಂದು ಸಿಟ್ಟು ಬಂತು. ಕುರ್ಚಿಯ ಕಡೆ ತಿರುಗಿ ಫೋನು ನೋಡಿದೆ. ತೊಂಬತ್ತೇಳು. ಸರಿ, ಅಂಚು ಹಿಡಿದು ದಣಿವಾರಿಸಿಕೊಳ್ಳುತ್ತಿದ್ದಾಳೆ, ಆಮೇಲೆ ಬೈದರಾಯಿತು ಎಂದುಕೊಂಡು ಎಣಿಕೆ ಮುಂದುವರಿಸಿದೆ. ಆರು, ಏಳು, ಎಂಟು, ಒಂಬತ್ತು, ಹತ್ತು.

ಇದಿಷ್ಟನ್ನು ಬರೆಯಲೆಂದೇ ನಾನು ಉಳಿದದ್ದನ್ನೆಲ್ಲ ಬರೆದದ್ದು. ಕಣ್ಣಿನಿಂದ ಹೆಂಗಸನ್ನು ನೋಡಿದೆ. ಆಮೇಲೆ ಫೋನು ನೋಡಿದೆ. ಫೋನನ್ನು ನಂಬಿದೆ.

ಹತ್ತು ಅನ್ನುವಷ್ಟರಲ್ಲಿ ಫೋನು ಕಿರುಚಿತು. ನೂರಾ ಹತ್ತು ದಾಟಿದರೆ ಕೂಗುವಂತೆ ಹೊಂದಿಸಿದ್ದೆವು. ನೂರಾ ಹದಿನೆಂಟು, ನೂರಾ ಮೂವತ್ತೊಂದು. ಮೆಟ್ಟಿಲ ಮೇಲೆ ನಿಂಗಮ್ಮ ಎದ್ದು ನಿಂತಿದ್ದಳು. ಎದೆಯ ಮೇಲೆ ಕೈ, ಬಾಯಿ ತೆರೆದಿದ್ದರೂ ದನಿ ಹೊರಡುತ್ತಿಲ್ಲ, ಕಣ್ಣು ಆಳದ ತುದಿಯ ಕಡೆ. ಕೊನೆಗೂ ದನಿ ಬಂತು.

"ಮೇಡಂ, ಪಟ್ಟಿ ನನ್ನ ಹತ್ರ ಅದರೀ! ಆಕಿ ಹತ್ರ ಇಲ್ರೀ!"

ಫೋನು ಕೂಗಿದ್ದು ನಿಂಗಮ್ಮನ ಹೃದಯ ಹೆದರಿದ್ದಕ್ಕೆ. ನಾನು ತಿರುಗಿದಾಗ ಅಂಚಿನ ಮೇಲೆ ಆ ಕೈ ಇರಲಿಲ್ಲ.

ಹಾರಿದ್ದು ನೆನಪಿದೆ. ನೀರೊಳಗೆ ಅವಳ ಉಡುಪು ಕಪ್ಪು ಮೋಡದ ಹಾಗೆ ಅರಳಿಕೊಂಡಿತ್ತು. ತೋಳು ಹಿಡಿದರೆ ಬಟ್ಟೆ ಮಾತ್ರ ಕೈಗೆ ಬಂತು. ಎರಡನೆಯ ಸಲ ಕಂಕುಳಡಿ ಕೈ ಹಾಕಿ ಎತ್ತಿದೆ. ನಾಲ್ವರು ಹೆಂಗಸರು ಮೇಲಿನಿಂದ ಎಳೆದರು. ತುಟಿ ನೀಲಿಯಾಗಿತ್ತು. ಉಸಿರಿಲ್ಲ. ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟೆ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಕೆಮ್ಮಿ ನೀರು ಕಾರಿದಳು. ಕುತ್ತಿಗೆಯಲ್ಲಿ ನಾಡಿ ಓಡುತ್ತಿತ್ತು, ತಡವರಿಸುತ್ತಿತ್ತು, ನಿಂತುಬಿಟ್ಟಿತು ಎನ್ನುವಷ್ಟರಲ್ಲಿ ಮತ್ತೆ ಓಡುತ್ತಿತ್ತು. ಆಂಬ್ಯುಲೆನ್ಸ್ ಬರುವತನಕ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು, ನಿಂಗಮ್ಮ ಒದ್ದೆ ಬಟ್ಟೆಯಲ್ಲೇ ಕೂತಿದ್ದೆವು. ಸಲೀಂ ಓಡಿ ಬಂದ. ಅವನ ಮೊದಲ ಪ್ರಶ್ನೆ: "ಅಂಕಿ ಎಷ್ಟಿತ್ರಿ?"

ನಾನು ಫೋನು ಕೊಟ್ಟೆ. ಪರದೆಯ ಮೇಲೆ ಬಡಿತದ ಸಪಾಟಾದ ಗೆರೆ, ಆಮೇಲೆ ಒಮ್ಮೆಲೇ ಗುಡ್ಡ. ಅವನು ಗುಡ್ಡದ ಮೇಲೆ ಬೆರಳಿಟ್ಟ. "ನೂರಾ ನಲವತ್ತಕ್ಕ ಹೋಗ್ಯಾದಲ್ಲ! ನೀವೆಲ್ಲ ಏನ್ ಮಾಡಾಕತ್ತಿದ್ರಿ?"

"ಅದು ನಂದಪ್ಪ ಸಲೀಂ," ಎಂದಳು ನಿಂಗಮ್ಮ, ಅವನ ಮುಖ ನೋಡದೆ. "ನಿಮ್ಮವ್ವಂದಲ್ಲ. ನೀ ಬಂದ್ ಮಾಡ್ತಿ ಅಂತ ಆಕಿ ಅಂಜಿದ್ಳು. ಪಟ್ಟಿ ನಾ ಕಟ್ಕೊಂಡಿದ್ದೆ."

ಸಲೀಂ ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕುಸಿದು ಕೂತ. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದೇ ಸಂಜೆ ಅವಳನ್ನು ಕಲಬುರಗಿಗೆ ಸಾಗಿಸಿದರು. ನಾಲ್ಕು ದಿನ ಏನೂ ಹೇಳಲಾಗದು ಎಂದರು. ಆ ನಾಲ್ಕು ದಿನ ನಾನು ಫೋನಿನ ಗೆರೆಯನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಎಣಿಕೆಯ ಆರರಿಂದ ಹತ್ತರವರೆಗಿನ ಜಾಗ ಆ ಗೆರೆಯಲ್ಲಿ ಅಕ್ಕಿಕಾಳಿನಷ್ಟೂ ಇಲ್ಲ. ಐದನೆಯ ದಿನ ಮಹಬೂಬಿ ಕಣ್ಣು ಬಿಟ್ಟು ನೀರು ಕೇಳಿದಳೆಂದು ನಿಂಗಮ್ಮ ಬಂದು ಹೇಳಿದಳು. ಹೇಳಿ ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು.

ಕಾರ್ಯದರ್ಶಿಗಳು ವರದಿ ಕೇಳಿದರು. ನಾನು ನಡೆದದ್ದನ್ನು ಬಾಯಲ್ಲಿ ಹೇಳಿದೆ, ನೋಡಿದ್ದು, ಎಣಿಸಿದ್ದು, ಎಲ್ಲ. ಅವರು ಕಿಟಕಿ ಮುಚ್ಚಿದರು.

"ಪಟ್ಟಿ ಅವರೇ ಬದಲಿ ಮಾಡ್ಯಾರ. ಅಷ್ಟ್ ಬರೀರಿ, ಖರೇನೇ ಅದಲ್ಲ. ನೀವು ಆಕಿನ್ನ ನೋಡಿದ್ದು, ಫೋನ್ ನೋಡಿದ್ದು ಯಾರು ಕಂಡಾರ? ನಾಕು ತಿಂಗಳಿಗೆ ರಿಟೈರ್ ಆಗೋರು ನೀವು."

ಹಾಗೆಯೇ ಬರೆದೆ. ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅಂದಿನಿಂದ ನನ್ನ ನಿದ್ದೆ ಹೋಯಿತು.

ಯಾರೂ ಕಂಡಿಲ್ಲ ಎಂದು ಅವರೆಂದರು. ನನ್ನ ಹೆದರಿಕೆ ಇದ್ದದ್ದು ಅಲ್ಲೇ. ಒಬ್ಬಳು ಕಂಡಿರಬಹುದಿತ್ತು. ಮುಳುಗುತ್ತಿದ್ದರೂ ಮಹಬೂಬಿಯ ಕಣ್ಣು ಇನ್ನೂ ನೀರಿನಿಂದ ಮೇಲಿತ್ತು. ಉಳಿದ ನಾಲ್ಕು ತಿಂಗಳು ಕೊಳದಲ್ಲಿ ಯಾರಾದರೂ ಒಂದು ಕ್ಷಣ ಸುಮ್ಮನೆ ತೇಲಿದರೂ ಸೀಟಿ ಊದಿಬಿಡುತ್ತಿದ್ದೆ. ಮಕ್ಕಳು ನನ್ನನ್ನು ಆಡಿಕೊಳ್ಳತೊಡಗಿದರು. ಪ್ರತಿಯೊಬ್ಬರ ಪಟ್ಟಿಯನ್ನೂ ಕೋಣೆಯೊಳಗೆ ನಾನೇ ಕಟ್ಟುತ್ತಿದ್ದೆ, ಅವರು ಸಂಕೋಚಪಟ್ಟರೂ ಬಿಡುತ್ತಿರಲಿಲ್ಲ. ನೀವೂ ಹಾಗೆಯೇ ಮಾಡಿ. ನಿವೃತ್ತಿಯ ದಿನ ಹಾರ ಹಾಕಿದರು, ಒಳ್ಳೆಯ ಮಾತಾಡಿದರು. ಚಪ್ಪಾಳೆಯ ನಡುವೆ ಯಾರದೋ ಫೋನು ಕೂಗಿತು. ನಾನು ಕುರ್ಚಿಯಿಂದೆದ್ದು ಕೊಳದ ಕಡೆಗೆ ಓಡಿದ್ದೆ. ಮನೆಯಲ್ಲಿ ಕುಕ್ಕರ್ ಸೀಟಿ ಹಾಕಿದರೂ ಎದೆ ಹಾರುತ್ತಿತ್ತು. ಮಲಗಿದರೆ ಅರ್ಧ ತಾಸಿಗೊಮ್ಮೆ ಎಚ್ಚರ, ಎಚ್ಚರವಾದಾಗಲೆಲ್ಲ ಬೆರಳು ನನ್ನದೇ ಕುತ್ತಿಗೆಯ ಮೇಲೆ.

ಮಹಬೂಬಿ ಚೇತರಿಸಿಕೊಳ್ಳಲು ತವರಿಗೆ ಹೋಗಿದ್ದಾಳೆಂದು ನಿಂಗಮ್ಮ ಹೇಳಿದ್ದಳು. ಹೋಗಬೇಕೆಂದು ಮೂರು ಸಲ ಶಹಾಪುರದ ತನಕ ಬಸ್ಸಿನಲ್ಲಿ ಹೋಗಿ ಅಲ್ಲಿಂದಲೇ ಮರಳಿ ಬಂದಿದ್ದೆ. ನಾಲ್ಕನೆಯ ಸಲ, ಒಂದು ಶುಕ್ರವಾರ ಮಧ್ಯಾಹ್ನ, ಸುರಪುರದ ಬಸ್ಸು ಹತ್ತಿದೆ.

ಅವಳು ಅಣ್ಣನ ಮನೆಯ ಪಡಸಾಲೆಯಲ್ಲಿ ಮಷಿನ್ ಮುಂದೆ ಕೂತಿದ್ದಳು. ಇಳಿದುಹೋಗಿದ್ದಳು. ನನ್ನನ್ನು ಕಂಡು "ಅರೆ, ಮೇಡಂ ಬಂದಾರ, ಬರ್ರಿ ಬರ್ರಿ" ಎಂದು ಕೈಹಿಡಿದು ಮಂಚದ ಮೇಲೆ ಕೂಡಿಸಿದಳು. ಚಹಾ ಬರುವವರೆಗೂ ನಾನು ತಾಳಲಿಲ್ಲ.

"ಮಹಬೂಬಿ, ಅವತ್ತ ನಾ ನಿನ್ನ ನೋಡಿದ್ದೆ. ನೋಡಿ, ಫೋನ್ ನೋಡಿ, ಮತ್ತ ಎಣಸ್ಕೋತ ನಿಂತೆ."

ಅವಳು ಮಷಿನ್ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. "ಗೊತ್ತದ್ರಿ."

ಸೂಜಿಯ ಕೆಳಗಿದ್ದ ಬಟ್ಟೆಯನ್ನು ಎಳೆದುಕೊಂಡಳು.

"ನೀವು ನೋಡಿದ್ರಿ. ಮೇಡಂ ನೋಡಿದ್ರು, ಈಗ ಬರ್ತಾರ ಅಂದ್ಕೊಂಡೆ. ಬಾಯಾಗ ನೀರು, ಕೂಗಾಕ ಆಗಾಕತ್ತಿದ್ದಿಲ್ಲ. ನೀವು ಕುರ್ಚಿ ಕಡಿ ತಿರುಗಿದ್ರಿ. ಯಾ ಅಲ್ಲಾ, ಈಕಿ ಫೋನಿಗೆ ಬೆಂಕಿ ಬೀಳಲಿ ಅಂತ ಬೈದೆ. ಆಮ್ಯಾಲ ತಿಳೀತು, ಆ ಫೋನಿನ್ಯಾಗ ನಿಂಗಮ್ಮ ಅದಾಳ, ನಾ ಇಲ್ಲ. ನಾನೇ ನನ್ನ ತಗದು ಆಕಿನ್ನ ಇಟ್ಟೀನಿ." ಅವಳು ದಾರ ಕಡಿದಳು. "ಅಷ್ಟೊತ್ತಿಗೆ ಕೈ ಜಾರ್ತು."

"ನಾ ಅದನ್ನ ವರದಿಯೊಳಗ ಬರೀಲಿಲ್ಲ."

"ನಾನೂ ಸಲೀಂಗ ಹೇಳಿಲ್ರಿ. ಪಟ್ಟಿ ಬಿಚ್ಚಿದಾಕಿ ನಾ, ಯಾವ ಬಾಯಿಲೆ ಹೇಳ್ಲಿ?" ಅವಳು ಒಳಬಾಗಿಲ ಕಡೆ ನೋಡಿದಳು. "ಹೇಳಬೇಕನಸ್ತದಂದ್ರ ಈಗ ಹೇಳ್ರಿ. ಶುಕ್ರವಾರ ಅಂತ ಅಂಗಡಿ ಮುಚ್ಚಿ ಬಂದಾನ, ಒಳಗ ಊಟ ಮಾಡಾಕತ್ತಾನ."

ನಾನು ಒಳಗೆ ಹೋಗಿ ಹೇಳಿದೆ. ಸಲೀಂ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

"ಎಷ್ಟರ ತನಕ ಎಣಿಸಿದ್ರಿ?"

"ಆರರಿಂದ ಹತ್ತು."

ಅವನು ಎಡಗೈ ಬೆರಳನ್ನು ನೆಲಕ್ಕೆ ಒಂದೊಂದಾಗಿ ಬಡಿದ, ನಿಧಾನವಾಗಿ, ಐದು ಸಲ. ಅಷ್ಟು ದೀರ್ಘವಾದ ಸಮಯವನ್ನು ನಾನು ಇಡೀ ಸೇವೆಯಲ್ಲಿ ಕಂಡಿಲ್ಲ.

"ಮಾಫ್ ಮಾಡೀನಿ ಅಂತ ಈಗ ಹೇಳಂಗಿಲ್ರಿ ಮೇಡಂ," ಎಂದ. "ಹೇಳಿದ್ರ ಸುಳ್ಳಾಗ್ತದ. ನಾನೂ ಅಮ್ಮಿನ್ನ ನೋಡ್ಲಿಲ್ಲ, ನೀವು ಕಳಸಿದ ಅಂಕಿ ನೋಡ್ಕೋತ ಕುಂತೆ. ಕೂಡ್ರಿ, ಊಟ ಮಾಡ್ರಿ."

ಊಟದ ನಂತರ ಮಹಬೂಬಿಯ ಅಳತೆ ಪುಸ್ತಕದಿಂದ ಎರಡು ಹಾಳೆ ಹರಿದುಕೊಂಡು, ವರದಿಯಲ್ಲಿ ಬಿಟ್ಟದ್ದನ್ನು ಬರೆದು, ಸಹಿ ಹಾಕಿ, ಫೋಟೋ ತೆಗೆದು ಕಾರ್ಯದರ್ಶಿಗಳಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಈವರೆಗೂ ಬಂದಿಲ್ಲ. ಎದ್ದು ಹೊರಟರೆ ಮಹಬೂಬಿ ಬಿಡಲಿಲ್ಲ. ಬಸ್ಸು ಎಲ್ಲಿಗೂ ಓಡಿಹೋಗುವುದಿಲ್ಲ, ನಿಮ್ಮ ಮುಖ ನೋಡಿದರೆ ನಾನೇ ಆಸ್ಪತ್ರೆಗೆ ಸೇರಿಸಬೇಕು ಎಂದು ಗದರಿ ಪಡಸಾಲೆಯ ಮಂಚದ ಮೇಲೆ ಹಾಸಿಕೊಟ್ಟಳು. ದಿಂಬಿಗೆ ತಲೆಯಿಟ್ಟದ್ದಷ್ಟೇ ಗೊತ್ತು.

ಕಣ್ಣು ಬಿಟ್ಟಾಗ ಅಂಗಳದ ತುಂಬ ಬಿಸಿಲು. ಮಹಬೂಬಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಯಾರದೋ ಕುಪ್ಪಸಕ್ಕೆ ಹುಕ್ಕು ಹಚ್ಚುತ್ತಿದ್ದಳು.

"ಎದ್ರೇನ್ರಿ? ಸಂಜಿಗೆ ಮಲಗಿದೋರು. ಹೊರಳಾಡಿಲ್ಲ, ಕೆಮ್ಮಿಲ್ಲ. ಎರಡ್ ಸಲ ಮೂಗಿನ ಹತ್ರ ಕೈ ಇಟ್ಟು ಉಸಿರು ಅದ ಇಲ್ಲ ನೋಡೀನಿ."